ಹೇಳದೆ ಬಿಟ್ಟ ಹೆಸರು

1868ರ ಏಪ್ರಿಲ್ 10ರಂದು ಬ್ರೆಮನ್‌ನಲ್ಲಿ ನಡೆದ ಒಂದು ಸಂಗೀತ ಕಛೇರಿಯನ್ನು ಇದ್ದದ್ದು ಇದ್ದ ಹಾಗೆ ಮತ್ತೆ ನಡೆಸಬೇಕೆಂದು ಹೊರಟವರಿಗೆ ಮೊದಲ ತೊಡಕು ಕ್ಯಾಲೆಂಡರಿನಲ್ಲೇ ಎದುರಾಗುತ್ತದೆ. ಅಂದು ಆ ಉತ್ತರ ಜರ್ಮನಿಯ ಊರಿನ ಸಂತ ಪೇತ್ರನ ಕ್ಯಾಥೆಡ್ರಲ್‌ನಲ್ಲಿ ಮೂವತ್ತನಾಲ್ಕು ವರ್ಷದ ಯೊಹಾನೆಸ್ ಬ್ರಾಮ್ಸ್ ತನ್ನ ‘ಜರ್ಮನ್ ರಿಕ್ವಿಯಂ’ ಕೃತಿಯನ್ನು ತಾನೇ ನಿಂತು ನಡೆಸಿದ. ಆ ದಿನ ಗುಡ್ ಫ್ರೈಡೆ, ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ದಿನ. ಸರಿಯಾಗಿ ನೂರೈವತ್ತು ವರ್ಷಗಳ ನಂತರ, 2018ರ ಏಪ್ರಿಲ್ 10ರಂದು, ಅದೇ ಕ್ಯಾಥೆಡ್ರಲ್‌ನಲ್ಲಿ ಪಾವೊ ಯಾರ್ವಿಯ ನಿರ್ದೇಶನದಲ್ಲಿ ಬ್ರೆಮನ್ನಿನ ಡಾಯ್ಚ ಕಾಮರ್‌ಫಿಲ್‌ಹಾರ್ಮೊನಿ ಆ ಕೃತಿಯನ್ನು ನುಡಿಸಿತು. ತಾರೀಖು ಅದೇ, ಜಾಗ ಅದೇ. ಆದರೆ ಅದೊಂದು ಮಾಮೂಲಿ ಮಂಗಳವಾರ. ಆ ವರ್ಷದ ಗುಡ್ ಫ್ರೈಡೆ ಮಾರ್ಚ್ 30ಕ್ಕೇ ಬಂದು ಹೋಗಿತ್ತು, ಈಸ್ಟರ್ ಕೂಡ ಕಳೆದಿತ್ತು.

ತಾರೀಖು ಹಿಡಿದರೆ ಹಬ್ಬ ತಪ್ಪುತ್ತದೆ, ಹಬ್ಬ ಹಿಡಿದರೆ ತಾರೀಖು ತಪ್ಪುತ್ತದೆ. ತಿಥಿ ನೋಡಿ ತಂದೆತಾಯಿಯ ಶ್ರಾದ್ಧ ಮಾಡುವ ಮನೆಗಳಲ್ಲಿ ಈ ಪೇಚಾಟ ಹೊಸದಲ್ಲ: ಸತ್ತ ದಿನ ಯಾವುದು ಎನ್ನುವುದಕ್ಕೆ ಗೋಡೆಯ ಕ್ಯಾಲೆಂಡರ್ ಒಂದು ಉತ್ತರ ಹೇಳಿದರೆ ಪಂಚಾಂಗ ಇನ್ನೊಂದು ಹೇಳುತ್ತದೆ. ಸಂಗೀತದ ಇತಿಹಾಸದಲ್ಲಿ ಬೇರೆ ಯಾವುದೋ ಕಛೇರಿಯಾಗಿದ್ದರೆ ಇದನ್ನು ಇಷ್ಟು ಹಚ್ಚಿಕೊಳ್ಳಬೇಕಾಗಿರಲಿಲ್ಲ. ಬ್ರೆಮನ್ನಿನ ಆ ಶುಕ್ರವಾರದ ಮಾತು ಬೇರೆ. ಸಾವಿನ ಕುರಿತ, ಮೊದಲಿಂದ ಕೊನೆಯವರೆಗೆ ಬೈಬಲ್ ವಾಕ್ಯಗಳಿಂದಲೇ ಕಟ್ಟಿದ ಒಂದು ದೊಡ್ಡ ಕೃತಿ, ಯೇಸುವಿನ ಮರಣದ ದಿನ, ಆತನದೇ ಆಲಯದಲ್ಲಿ ಮೊಳಗಿತು. ಇಡೀ ಕೃತಿಯಲ್ಲಿ ಆತನ ಹೆಸರು ಒಮ್ಮೆಯೂ ಬರಲಿಲ್ಲ.

ಅದು ಮರೆವಿನಿಂದ ಆದದ್ದಲ್ಲ. ಲ್ಯಾಟಿನ್ ರಿಕ್ವಿಯಂ ಎಂದರೆ ಸತ್ತವರ ಆತ್ಮಕ್ಕಾಗಿ ಕ್ಯಾಥೊಲಿಕ್ ಸಭೆ ಮಾಡುವ ಪ್ರಾರ್ಥನೆ. ಅದರಲ್ಲಿ ಅಂತಿಮ ತೀರ್ಪಿನ ದಿನದ ಭಯವಿದೆ, ಕರುಣೆಯ ಬೇಡಿಕೆಯಿದೆ. ಬ್ರಾಮ್ಸ್ ಅದನ್ನು ಪೂರ್ತಿಯಾಗಿ ಬದಿಗಿಟ್ಟು ಲೂಥರನ ಜರ್ಮನ್ ಬೈಬಲನ್ನು ತೆರೆದು ಕೂತ. ಅವನಿಗೆ ಬೇಕಿದ್ದದ್ದು ಸತ್ತವರ ಗತಿಯ ಚಿಂತೆಯಲ್ಲ, ಉಳಿದವರ ದುಃಖಕ್ಕೆ ಒಂದು ಆಸರೆ. 1865ರ ಫೆಬ್ರವರಿಯಲ್ಲಿ ಅವನ ತಾಯಿ ತೀರಿಕೊಂಡಿದ್ದಳು. ಅದಕ್ಕೂ ಹಿಂದೆ, 1856ರಲ್ಲಿ, ಅವನನ್ನು ಲೋಕಕ್ಕೆ ಪರಿಚಯಿಸಿದ ರಾಬರ್ಟ್ ಶುಮನ್ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಿದ್ದ. ರಿಕ್ವಿಯಂನ ಎರಡನೆಯ ಭಾಗದಲ್ಲಿ, ಮನುಷ್ಯನ ಬಾಳು ಒಣಗುವ ಹುಲ್ಲಿನಂಥದ್ದು ಎನ್ನುವ ಪೇತ್ರನ ಮಾತಿಗೆ ಬರುವ ಶವಯಾತ್ರೆಯ ನಡೆ 1854ರಷ್ಟು ಹಿಂದಿನದು, ಶುಮನ್ ರೈನ್ ನದಿಗೆ ಹಾರಿದ ವರ್ಷದ್ದು. ಆ ನಡೆ ಮೂರು ಎಣಿಕೆಯಲ್ಲಿದೆ. ಎರಡು ಕಾಲಿನ ಮನುಷ್ಯ ಹೆಣ ಹೊತ್ತು ಮೂರರ ಲೆಕ್ಕದಲ್ಲಿ ನಡೆಯಲಾರ; ಆ ಸಂಗೀತ ಕೇಳುವಾಗ ಹುಟ್ಟುವ ತಡವರಿಕೆಗೆ, ನೆಲ ಕಾಲಿಗೆ ಸಿಗದಂಥ ಅನುಭವಕ್ಕೆ ಇದೂ ಒಂದು ಕಾರಣ.

ವಾಕ್ಯಗಳನ್ನು ಆರಿಸಿದ ರೀತಿಯನ್ನು ಬೈಬಲ್ ಪಕ್ಕದಲ್ಲಿಟ್ಟುಕೊಂಡು ನೋಡಬೇಕು. ಪೇತ್ರನ ಮೊದಲ ಪತ್ರದಲ್ಲಿ ಹುಲ್ಲಿನ ಮಾತಿಗೆ ಐದಾರು ವಚನ ಮುಂಚೆಯೇ ಕ್ರಿಸ್ತನ ರಕ್ತದಿಂದ ದೊರೆತ ಬಿಡುಗಡೆಯ ಮಾತಿದೆ. ಬ್ರಾಮ್ಸ್ ಅದನ್ನು ದಾಟಿ 24ನೆಯ ವಚನದಿಂದ ಎತ್ತಿಕೊಂಡ. ಇಬ್ರಿಯರಿಗೆ ಬರೆದ ಪತ್ರದ 13ನೆಯ ಅಧ್ಯಾಯದಿಂದ, ಈ ಲೋಕದಲ್ಲಿ ನಮಗೆ ನಿಲ್ಲುವ ಊರಿಲ್ಲ ಎನ್ನುವ 14ನೆಯ ವಚನ ಬೇಕಾಯಿತು. ಯೇಸು ಪಟ್ಟಣದ ಬಾಗಿಲಾಚೆ ಬಾಧೆಪಟ್ಟ ಸಂಗತಿ ಹೇಳುವ 12ನೆಯದು ಬೇಡವಾಯಿತು. ಇನ್ನೂ ಕಣ್ಣಿಗೆ ಹೊಡೆಯುವುದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯ. ಕಡೆಯ ತುತ್ತೂರಿ ಮೊಳಗುವುದು, ಸತ್ತವರು ಏಳುವುದು, ಸಾವನ್ನೇ ಮೂದಲಿಸಿ ಕೇಳುವುದು ಎಲ್ಲವನ್ನೂ ಬ್ರಾಮ್ಸ್ ಭಾರೀ ಆರ್ಭಟದಲ್ಲಿ ಹಾಡಿಸುತ್ತಾನೆ. 55ನೆಯ ವಚನಕ್ಕೆ ನಿಲ್ಲಿಸುತ್ತಾನೆ. ಆ ಗೆಲುವು ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬಂತು ಎಂದು ಕೃತಜ್ಞತೆ ಹೇಳುವ 57ನೆಯದು ಎರಡೇ ಹೆಜ್ಜೆ ಮುಂದಿತ್ತು. ಅಲ್ಲಿಗೆ ಹೋಗದೆ ಪ್ರಕಟನೆಯ ಗ್ರಂಥಕ್ಕೆ ಹೊರಳಿ, ಸೃಷ್ಟಿಕರ್ತನ ಸ್ತುತಿಯಲ್ಲಿ ಆ ಭಾಗವನ್ನು ಮುಗಿಸಿಬಿಟ್ಟ.

ಹಾಗೆಂದು ಇಡೀ ಕೃತಿಯಲ್ಲಿ ಯೇಸು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಗಾಯನವೃಂದ ಬಾಯಿ ತೆರೆಯುತ್ತಲೇ ಹಾಡುವುದು ಮತ್ತಾಯನ ಸುವಾರ್ತೆಯ ಪರ್ವತ ಪ್ರಸಂಗದಲ್ಲಿ ದುಃಖಪಡುವವರ ಕುರಿತು ಆತನೇ ಆಡಿದ ಮಾತನ್ನು. ಆ ಮೊದಲ ಭಾಗದುದ್ದಕ್ಕೂ ಪಿಟೀಲುಗಳು ಒಂದು ಸ್ವರವನ್ನೂ ನುಡಿಸುವುದಿಲ್ಲ. ವಯೋಲಾ, ಚೆಲೊ, ಡಬಲ್ ಬಾಸ್‌ಗಳ ಕಂದು ದನಿಯ ಮೇಲೆ ಮನುಷ್ಯರ ಕಂಠ ಮಾತ್ರ ನಿಧಾನವಾಗಿ ಮೇಲೆ ಬರುತ್ತದೆ. ಆಡಿದವನ ಮಾತನ್ನು ಇಷ್ಟು ಜತನದಿಂದ ಎದೆಗೊತ್ತಿಕೊಂಡ ಸಂಗೀತಗಾರ, ಆಡಿದವನ ಹೆಸರನ್ನು ಮಾತ್ರ ಬಿಟ್ಟ.

ಬ್ರೆಮನ್ ಕ್ಯಾಥೆಡ್ರಲ್‌ನ ಸಂಗೀತದ ಹೊಣೆ ಹೊತ್ತಿದ್ದ ಕಾರ್ಲ್ ರೈನ್‌ಟಾಲರ್ ಈ ಕೊರತೆಯನ್ನು ಮೊದಲ ಓದಿಗೇ ಕಂಡುಕೊಂಡ. ದೇವಶಾಸ್ತ್ರ ಓದಿದ್ದ ಆತ ಕೃತಿಯನ್ನು ಬಹುವಾಗಿ ಮೆಚ್ಚಿದ್ದ, ಗಾಯನವೃಂದವನ್ನು ತಯಾರು ಮಾಡಿದವನೂ ಅವನೇ. 1867ರ ಅಕ್ಟೋಬರ್‌ನಲ್ಲಿ ಬ್ರಾಮ್ಸ್‌ಗೆ ಪತ್ರ ಬರೆದು, ಕ್ರೈಸ್ತ ಮನಸ್ಸಿಗೆ ಎಲ್ಲದರ ನಡುಗಂಬವಾದ ಸಂಗತಿ, ಅಂದರೆ ಕರ್ತನ ವಿಮೋಚಕ ಮರಣವೇ ಇದರಲ್ಲಿಲ್ಲವಲ್ಲ ಎಂದ. ಸಾವನ್ನು ಮೂದಲಿಸುವ ಆ ಜಾಗದ ಸುತ್ತಮುತ್ತ ಅದನ್ನು ಸೇರಿಸಲಾದೀತು ಎಂಬ ಸಲಹೆಯನ್ನೂ ಕೊಟ್ಟ. ಬ್ರಾಮ್ಸ್‌ನ ಉತ್ತರದಲ್ಲಿ ವಿನಯವೂ ಇತ್ತು, ಹಟವೂ ಇತ್ತು. ಶೀರ್ಷಿಕೆಯಿಂದ ‘ಜರ್ಮನ್’ ತೆಗೆದು ‘ಮಾನವ’ ಎಂದು ಹಾಕಲು ತಾನು ಸಂತೋಷದಿಂದ ತಯಾರಿದ್ದೇನೆ ಎಂದ. ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯದ 16ನೆಯ ವಚನದಂಥವನ್ನು ತಿಳಿದೇ ಬಿಟ್ಟಿದ್ದೇನೆ ಎಂದ. ಕೆಲವನ್ನು ತಾನು ಸಂಗೀತಗಾರನಾದ್ದರಿಂದ, ಸಂಗೀತಕ್ಕೆ ಬೇಕಿತ್ತೆಂದು ತೆಗೆದುಕೊಂಡಿದ್ದೇನೆ ಎಂದೂ ಒಪ್ಪಿಕೊಂಡ. ಸೇರಿಸಲು ಮಾತ್ರ ಒಪ್ಪಲಿಲ್ಲ.

ಆದರೂ ಗುಡ್ ಫ್ರೈಡೆಯಂದು ಕ್ಯಾಥೆಡ್ರಲ್‌ನಲ್ಲಿ ವಿಮೋಚಕನನ್ನು ನೆನೆಯದೆ ಜನರನ್ನು ಮನೆಗೆ ಕಳಿಸುವುದು ಹೇಗೆ? ಕೃತಿಯನ್ನು ಮುಟ್ಟದೆ ಕಾರ್ಯಕ್ರಮವನ್ನೇ ಹಿಗ್ಗಿಸಿ ಒಂದು ದಾರಿ ಮಾಡಿಕೊಂಡರು. ಯುರೋಪಿನ ಹೆಸರಾಂತ ಪಿಟೀಲು ವಿದ್ವಾಂಸ, ಬ್ರಾಮ್ಸ್‌ನ ಗೆಳೆಯ ಯೋಸೆಫ್ ಯೋಆಕಿಮ್ ಬಾಖ್, ಟಾರ್ಟಿನಿ, ಶುಮನ್‌ರ ರಚನೆಗಳನ್ನು ನುಡಿಸಿದ. ಅವನ ಹೆಂಡತಿ ಅಮಾಲಿ, ಬಾಖ್‌ನ ‘ಮತ್ತಾಯನ ಪ್ಯಾಶನ್’ನಿಂದ ಪೇತ್ರನ ಪಶ್ಚಾತ್ತಾಪದ ಹಾಡನ್ನೂ, ಹ್ಯಾಂಡೆಲ್‌ನ ‘ಮೆಸ್ಸಾಯ’ದಿಂದ ವಿಮೋಚಕ ಜೀವಂತನಾಗಿದ್ದಾನೆಂಬ ಭರವಸೆಯ ಹಾಡನ್ನೂ ಹಾಡಿದಳು. ‘ಮೆಸ್ಸಾಯ’ದ ‘ಹಲ್ಲೆಲೂಯ’ ಕೋರಸ್ ಕೂಡ ಅಂದಿನ ಪಟ್ಟಿಯಲ್ಲಿತ್ತು. ರಿಕ್ವಿಯಂನಲ್ಲಿ ಯೂಲಿಯುಸ್ ಶ್ಟಾಕ್‌ಹೌಸೆನ್ ಬ್ಯಾರಿಟೋನ್ ಭಾಗ ಹಾಡಿದ. ಶುಮನ್‌ನ ಹೆಂಡತಿ ಕ್ಲಾರಾ ಬಂದಿದ್ದಳು, ಬ್ರಾಮ್ಸ್‌ನ ತಂದೆ ಬಂದಿದ್ದ. ನಾಲ್ಕು ತಿಂಗಳ ಹಿಂದೆ ವಿಯೆನ್ನಾದಲ್ಲಿ ಮೊದಲ ಮೂರು ಭಾಗಗಳನ್ನು ನುಡಿಸಿದಾಗ, ಮೂರನೆಯದರ ಕೊನೆಯಲ್ಲಿ ಒಂದೇ ಸ್ವರಕ್ಕೆ ಅಂಟಿಕೊಂಡ ಟಿಂಪನಿಯನ್ನು ವಾದಕ ಮಿತಿಯಿಲ್ಲದೆ ಬಡಿದು ಉಳಿದೆಲ್ಲವನ್ನೂ ಮುಳುಗಿಸಿಬಿಟ್ಟಿದ್ದ, ಸಭೆಯಲ್ಲಿ ಕೆಲವರು ಛೀಮಾರಿ ಹಾಕಿದ್ದರು. ಬ್ರೆಮನ್ನಿನಲ್ಲಿ ಹಾಗಾಗಲಿಲ್ಲ. ಬ್ರಾಮ್ಸ್ ಜರ್ಮನಿಯ ದೊಡ್ಡ ಸಂಗೀತಗಾರರ ಸಾಲಿಗೆ ಸೇರಿದ್ದು ಆ ಕಛೇರಿಯಿಂದಲೇ.

ಈಗ ಮರುಸೃಷ್ಟಿಯ ಪ್ರಶ್ನೆಗೆ ಬರಬೇಕು. ಏನನ್ನು ಮರಳಿ ತರಬೇಕು?

ಶಬ್ದವನ್ನು ತರುತ್ತೇವೆ ಎನ್ನುವವರಿದ್ದಾರೆ, ಅವರ ಸಾಧನೆ ಸಣ್ಣದಲ್ಲ. ಜಾನ್ ಎಲಿಯಟ್ ಗಾರ್ಡಿನರ್, ರೋಜರ್ ನಾರಿಂಗ್ಟನ್‌ರಂಥವರು 1990ರ ದಶಕದ ಆರಂಭದಲ್ಲಿ ಹತ್ತೊಂಬತ್ತನೆಯ ಶತಮಾನದ ಬಗೆಯ ವಾದ್ಯಗಳಲ್ಲಿ, ಪ್ರಾಣಿಗಳ ಕರುಳಿನ ತಂತಿ ಕಟ್ಟಿದ ಪಿಟೀಲುಗಳಲ್ಲಿ, ಈ ರಿಕ್ವಿಯಂ ಅನ್ನು ಧ್ವನಿಮುದ್ರಿಸಿದರು. ಜಡ್ಡುಗಟ್ಟಿ ಭಾರವಾಗಿದ್ದ ಕೃತಿ ಒಮ್ಮೆಲೇ ಹಗುರವಾಗಿ ನಡೆಯತೊಡಗಿತು. ಯೋಆಕಿಮ್ ಹೇಗೆ ನುಡಿಸುತ್ತಿದ್ದ ಎನ್ನುವುದಕ್ಕೂ ಕಿವಿಗೆ ಸಾಕ್ಷಿಯಿದೆ: 1903ರಲ್ಲಿ, ತನ್ನ ಎಪ್ಪತ್ತರ ಆಚೆ, ಆತ ಕೆಲವು ಗ್ರಾಮಫೋನ್ ತಟ್ಟೆಗಳನ್ನು ಮಾಡಿದ್ದ. ಸ್ವರವನ್ನು ಅಲುಗಿಸುವುದು ತೀರ ಕಡಿಮೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಧಾರಾಳ. ಆ ಕೆರೆತದ ಸದ್ದಿನ ನಡುವೆ ಕೇಳುವ ಪಿಟೀಲು ಇಂದಿನ ಆರ್ಕೆಸ್ಟ್ರಾಗಳ ಪಿಟೀಲಿನಿಂದ ಬಹಳ ದೂರ.

ಜಾಗವನ್ನು ಹಿಡಿಯುತ್ತೇವೆ ಎಂದರೆ ಅದು ಇನ್ನೂ ಜಾರುತ್ತದೆ. 1888ರಿಂದ 1901ರವರೆಗೆ ಆ ಕ್ಯಾಥೆಡ್ರಲನ್ನು ಒಳಗೂ ಹೊರಗೂ ವ್ಯಾಪಕವಾಗಿ ದುರಸ್ತಿ ಮಾಡಲಾಯಿತು. ಬ್ರಾಮ್ಸ್ ಕೇಳಿದ್ದು 1849ರಲ್ಲಿ ಶುಲ್ಟ್ಸ ಕಟ್ಟಿದ ಆರ್ಗನ್. ಈಗಿರುವುದು ವಿಲ್‌ಹೆಲ್ಮ್ ಸೌವರ್ 1894ರಲ್ಲಿ ಕಟ್ಟಿದ್ದು. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಕಟ್ಟಡ ಪೆಟ್ಟು ತಿಂದು, ಮತ್ತೆ ಕಟ್ಟಿಸಿಕೊಂಡು ನಿಂತಿದೆ.

ಇಷ್ಟೆಲ್ಲ ತಂದರೂ ಒಂದನ್ನು ತರಲಾಗುವುದಿಲ್ಲ, ಕೂತು ಕೇಳುವವರ ಮನಸ್ಸನ್ನು. 1868ರಲ್ಲಿ ಆ ಬೆಂಚುಗಳ ಮೇಲೆ ಕೂತವರು ಲೂಥರನ ಬೈಬಲ್ ಕೇಳುತ್ತಲೇ ಬೆಳೆದವರು. ಕೊರಿಂಥದ ಪತ್ರ 55ನೆಯ ವಚನಕ್ಕೆ ನಿಂತರೆ 57ನೆಯದು ಅವರ ನಾಲಿಗೆಯ ತುದಿಗೆ ಬಂದಿರುತ್ತಿತ್ತು. ಗುಡ್ ಫ್ರೈಡೆಯಂದು, ಆ ಜಾಗದಲ್ಲಿ, ಬರಬೇಕಾದ ಹೆಸರು ಬಾರದಿದ್ದಾಗ ಆ ಮೌನ ಕಿವಿಗೆ ಬಡಿಯುವಂಥದ್ದು. ಬರ್ಲಿನ್, ಲಂಡನ್, ಟೋಕಿಯೋಗಳಲ್ಲಿ ಇಂದು ರಿಕ್ವಿಯಂ ಕೇಳುವ ಹೆಚ್ಚಿನವರಿಗೆ ಆ ಮೌನ ಕೇಳಿಸುವುದೇ ಇಲ್ಲ. ಬೈಬಲ್ ವಾಕ್ಯಗಳಿವೆ, ಆರ್ಗನ್ ಇದೆ, ಗಾಯನವೃಂದವಿದೆ. ಇದು ಕ್ರೈಸ್ತ ಕೃತಿಯೇ ಎಂದುಕೊಂಡು ಹೊರಡುತ್ತಾರೆ. ಬ್ರಾಮ್ಸ್ ತಿಳಿದೇ ಮಾಡಿದ ಕೆಲಸ, ಗೆಳೆಯನ ಎದುರು ಹಟ ಹಿಡಿದು ಉಳಿಸಿಕೊಂಡ ಕೆಲಸ, ಕೃತಿಯನ್ನು ಪೂರ್ತಿ ಶುದ್ಧವಾಗಿ ನುಡಿಸಿದರೂ ಕಾಣೆಯಾಗುತ್ತದೆ.

ಅಂದಿನ ಕಾರ್ಯಕ್ರಮವನ್ನು ಇಡಿಯಾಗಿ ಮರಳಿ ಕಟ್ಟುವುದಕ್ಕೆ ಸಮರ್ಥನೆ ಇರುವುದು ಇಲ್ಲಿ. ಬ್ರಾಮ್ಸ್‌ನ ಇಚ್ಛೆಯನ್ನು ಗೌರವಿಸುವವರು ಹ್ಯಾಂಡೆಲ್‌ನ ಹಾಡನ್ನು ಹೊರಗಿನ ಒತ್ತಾಯಕ್ಕೆ ಒಪ್ಪಿಕೊಂಡ ರಾಜಿ ಎಂದು ತೆಗೆದುಹಾಕುತ್ತಾರೆ, ಅದು ನ್ಯಾಯವೇ. ಆದರೆ ಆ ಹಾಡಿನ ಸಾಹಿತ್ಯ ಎಲ್ಲಿಯದು ಎಂದು ನೋಡಿದರೆ ಆಶ್ಚರ್ಯ ಕಾದಿದೆ. ಅದರ ಮೊದಲ ಪಾಲು ಯೋಬನ ಗ್ರಂಥದ 19ನೆಯ ಅಧ್ಯಾಯದ್ದು. ಎರಡನೆಯ ಪಾಲು ಕ್ರಿಸ್ತನ ಪುನರುತ್ಥಾನವನ್ನು ಸಾರುವ ವಚನ, ಕೊರಿಂಥದವರಿಗೆ ಬರೆದ ಅದೇ ಮೊದಲ ಪತ್ರದ ಅದೇ 15ನೆಯ ಅಧ್ಯಾಯದ್ದು. ಬ್ರಾಮ್ಸ್ ಯಾವ ಪುಟದಿಂದ ಸಾವಿನ ಸೋಲನ್ನು ಎತ್ತಿಕೊಂಡು ಗೆದ್ದವನ ಹೆಸರು ಬಿಟ್ಟನೋ, ಅದೇ ಪುಟದಿಂದ ಅಮಾಲಿ ಯೋಆಕಿಮ್ ಆ ಹೆಸರನ್ನು ಎತ್ತಿ ಹಾಡಿದಳು. ಎರಡನ್ನೂ ಒಂದೇ ದಿನ, ಒಂದೇ ಸೂರಿನಡಿ ಕೇಳಿದಾಗ ಮಾತ್ರ ಬಿಟ್ಟದ್ದು ಏನು ಎನ್ನುವುದು ಇಂದಿನ ಕಿವಿಗೆ ತಿಳಿಯುತ್ತದೆ. ರೈನ್‌ಟಾಲರ್ ತುಂಬಲು ಹೋದ ಜಾಗ ಎಷ್ಟು ದೊಡ್ಡದೆಂದು ತೋರಿಸುವುದು ಅವನು ತುಂಬಿದ್ದೇ.

ಒಂದು ಗತ ಘಟನೆಯನ್ನು ಅರಿಯುವುದೆಂದರೆ ಅದರ ಹಿಂದಿನ ಆಲೋಚನೆಯನ್ನು ತನ್ನೊಳಗೆ ಮತ್ತೆ ನಡೆಸಿ ನೋಡುವುದು ಎಂದು ಇಂಗ್ಲಿಷ್ ತತ್ತ್ವಜ್ಞ ಆರ್. ಜಿ. ಕಾಲಿಂಗ್‌ವುಡ್ ವಾದಿಸಿದ್ದ. ಅಂದಿನ ಆಲೋಚನೆ ಒಂದಾಗಿರಲಿಲ್ಲ, ಎರಡಿದ್ದವು: ಹೆಸರಿಲ್ಲದೆಯೂ ಸಾಂತ್ವನ ಸಾಧ್ಯ ಎನ್ನುವುದು ಒಂದು, ಹೆಸರಿಲ್ಲದೆ ಸಾಂತ್ವನ ಪೂರ್ತಿಯಾಗದು ಎನ್ನುವುದು ಇನ್ನೊಂದು. ಇವುಗಳಲ್ಲಿ ಒಂದನ್ನು ಇತಿಹಾಸದ ಧೂಳೆಂದು ಒರೆಸಿಹಾಕಿ ಕಛೇರಿ ನಡೆಸಿದರೆ ಮರುಸೃಷ್ಟಿಯಾಗುವುದು 1868 ಅಲ್ಲ, ನಮ್ಮ ಕಾಲದ ಅಭಿರುಚಿ.

ಹಾಗಾದರೆ ನಡೆದುಹೋದದ್ದು ಮರಳಿ ಬರುವುದು ಸಾಧ್ಯವೇ? ಡೆನ್ಮಾರ್ಕಿನ ಸೋರೆನ್ ಕಿರ್ಕೆಗಾರ್ಡ್ 1843ರಲ್ಲಿ ‘ಪುನರಾವರ್ತನೆ’ ಎಂಬ ಪುಸ್ತಕವನ್ನೇ ಇದಕ್ಕಾಗಿ ಬರೆದ. ಅದರ ನಿರೂಪಕ ಹಿಂದೊಮ್ಮೆ ಸುಖಪಟ್ಟಿದ್ದ ಬರ್ಲಿನ್ ಪ್ರವಾಸವನ್ನು ಮತ್ತೆ ಹಾಗೇ ಅನುಭವಿಸಬೇಕೆಂದು ಹೊರಡುತ್ತಾನೆ, ಅದೇ ಬಾಡಿಗೆ ಮನೆ, ಅದೇ ನಾಟಕಶಾಲೆ. ಮನೆಯ ಯಜಮಾನ ಈಗ ಮದುವೆಯಾಗಿದ್ದಾನೆ, ಹಳೆಯ ಕೋಣೆಗಳೆಲ್ಲ ಸಿಗುವುದಿಲ್ಲ. ನಾಟಕಶಾಲೆಯಲ್ಲಿ ಬಯಸಿದ ಕಡೆ ಜಾಗವಿಲ್ಲ, ನಗುವೂ ಬರುವುದಿಲ್ಲ. ಸೋತು ಮನೆಗೆ ಬರುತ್ತಾನೆ. ಆದರೆ ಪುಸ್ತಕ ಅಲ್ಲಿಗೆ ಮುಗಿಯುವುದಿಲ್ಲ. ಅದರಲ್ಲೇ ಬರುವ ಇನ್ನೊಬ್ಬ ತರುಣ ನೊಂದು ಯೋಬನ ಗ್ರಂಥವನ್ನು ಹಿಡಿದು ಕೂರುತ್ತಾನೆ. ಎಲ್ಲ ಕಳೆದುಕೊಂಡು, ದೇವರೊಡನೆ ಜಗಳವಾಡಿ, ಕೊನೆಗೆ ಎಲ್ಲವನ್ನೂ ಎರಡರಷ್ಟು ಮರಳಿ ಪಡೆದ ಯೋಬನಲ್ಲಿ ಅವನಿಗೆ ನಿಜವಾದ ಪುನರಾವರ್ತನೆ ಕಾಣುತ್ತದೆ. ಅದು ಹಳೆಯದರ ನಕಲಲ್ಲ: ಯೋಬನ ಸತ್ತ ಮಕ್ಕಳು ಎದ್ದು ಬರಲಿಲ್ಲ, ಬೇರೆ ಮಕ್ಕಳು ಹುಟ್ಟಿದರು. ಬ್ರೆಮನ್ನಿನಲ್ಲಿ ಅಮಾಲಿ ಹಾಡಿದ್ದೂ ಅದೇ ಯೋಬನ ಬಾಯಿಂದ ಬಂದ ಭರವಸೆಯನ್ನು.

ಗುಡ್ ಫ್ರೈಡೆಯೂ ಈ ಬಗೆಯ ಪುನರಾವರ್ತನೆಯೇ. ವರ್ಷ ವರ್ಷವೂ ಬರುತ್ತದೆ, ಪ್ರತಿ ಸಲ ಬೇರೆ ತಾರೀಖಿಗೆ, ಬೇರೆ ಜನರ ನಡುವೆ. ಹೋದ ಸಲದ ಹಾಗೇ ಆಗಬೇಕೆಂದು ಯಾರೂ ಅಳೆದು ನೋಡುವುದಿಲ್ಲ. ನಂಬುವವರಿಗೆ ಆ ದಿನ ಯೇಸುವಿನ ಸಾವು ಎಂದೋ ಆಗಿಹೋದ ಸುದ್ದಿಯಲ್ಲ, ಈಗ ಎದುರಿಗಿರುವ ಸಂಗತಿ. ಈ ಕಣ್ಣಿಂದ ನೋಡಿದರೆ ಮಂಗಳವಾರದ ಏಪ್ರಿಲ್ 10ಕ್ಕಿಂತ ಮಾರ್ಚ್ 30ರ ಶುಕ್ರವಾರವೇ 1868ಕ್ಕೆ ಹತ್ತಿರ. ಕಛೇರಿಯನ್ನು ಮರಳಿ ಕಟ್ಟುವವರು ತಾರೀಖನ್ನು ಬಿಟ್ಟು ಹಬ್ಬವನ್ನು ಹಿಡಿಯುವುದೇ ಸರಿ. ಆ ಕೃತಿಯ ಮೌನಕ್ಕೆ ಅರ್ಥ ಬರುವುದು ಆ ಹೆಸರನ್ನು ಎಲ್ಲರೂ ಉಚ್ಚರಿಸುವ ದಿನದಲ್ಲಿ.

ಹೀಗೆ ಮಾಡುವಾಗ ತೆರಬೇಕಾದ ಬೆಲೆಯೂ ಇದೆ. ಇಂದು ನಾವು ಕೇಳುವ ರಿಕ್ವಿಯಂನಲ್ಲಿ ಏಳು ಭಾಗಗಳಿವೆ, ಅಂದು ಇದ್ದದ್ದು ಆರು. ಜನರು ಹೆಚ್ಚು ಪ್ರೀತಿಸುವ ಭಾಗಗಳಲ್ಲಿ ಒಂದಾದ ಐದನೆಯದನ್ನು, ಒಂಟಿ ಸೊಪ್ರಾನೊ ಕಂಠಕ್ಕಾಗಿ, ಬ್ರಾಮ್ಸ್ ಬ್ರೆಮನ್ ಕಛೇರಿ ಮುಗಿದ ಮೇಲೆ, ಆ ಮೇ ತಿಂಗಳಲ್ಲಿ ಬರೆದ. ಅದು ಮೊದಲು ಕೇಳಿದ್ದು ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್‌ನಲ್ಲಿ. ಏಳೂ ಭಾಗ ಒಟ್ಟಾಗಿ ಕೇಳಿದ್ದು 1869ರ ಫೆಬ್ರವರಿ 18ರಂದು ಲೈಪ್‌ಜಿಗ್‌ನಲ್ಲಿ. ತಾಯಿ ಮಗುವನ್ನು ಸಂತೈಸುವಂತೆ ಸಂತೈಸುವೆ ಎನ್ನುವ ಯೆಶಾಯನ ಮಾತನ್ನು ಗಾಯನವೃಂದ ಮೆಲುದನಿಯಲ್ಲಿ ಹಾಡುತ್ತದೆ. ಅದರ ಮೇಲೆ ಸೊಪ್ರಾನೊ ಹಾಡುವುದು ಯೋಹಾನನ ಸುವಾರ್ತೆಯ 16ನೆಯ ಅಧ್ಯಾಯದಿಂದ, ಈಗ ದುಃಖವಿದೆ, ಮತ್ತೆ ಕಾಣುವೆ ಎಂಬ ಅರ್ಥದ ಮಾತನ್ನು. ಸುವಾರ್ತೆಯಲ್ಲಿ ಆ ಮಾತನ್ನು ಯೇಸು ಶಿಷ್ಯರಿಗೆ ಹೇಳುವುದು ಹಿಡಿಯಲ್ಪಡುವ ರಾತ್ರಿ, ಮೊದಲ ಗುಡ್ ಫ್ರೈಡೆಯ ಹಿಂದಿನ ರಾತ್ರಿ. ಬ್ರಾಮ್ಸ್ ಅದನ್ನು ಒಬ್ಬ ಹೆಣ್ಣಿನ ಕೊರಳಿಗೆ ಕೊಟ್ಟು, ತಾಯಿಯ ಮಾತಾಗಿ ಕೇಳಿಸಿದ.

ಬ್ರೆಮನ್ನಿನಲ್ಲಿ ಒಬ್ಬ ಹೆಣ್ಣು ವಿಮೋಚಕನ ಹಾಡು ಹಾಡಿದ್ದನ್ನು ಕೇಳಿದವನು ಒಂದೆರಡು ತಿಂಗಳೊಳಗೆ ಬರೆದದ್ದು ಇದು. ಇದನ್ನು ರೈನ್‌ಟಾಲರ್‌ಗೆ ಕೊಟ್ಟ ನಿಜವಾದ ಉತ್ತರ ಎಂದು ಓದದೆ ಇರುವುದು ಕಷ್ಟ. ಕೊರತೆ ಇದೆ ಎಂದಿರಲ್ಲ, ಇಗೋ ತುಂಬಿದೆ, ಆತನ ಮಾತಿನಿಂದಲೇ, ಆದರೆ ಹೆಸರಿಲ್ಲದೆ. ಬ್ರಾಮ್ಸ್ ಏನನ್ನೂ ನಂಬುವುದಿಲ್ಲವಲ್ಲ ಎಂದು ಭಕ್ತನಾದ ಚೆಕ್ ಸಂಗೀತಗಾರ ದ್ವೊರ್ಜಾಕ್ ಮುಂದೆ ಮರುಗಿದನಂತೆ. ಏನನ್ನೂ ನಂಬದವನು ಬೈಬಲನ್ನು ಇಷ್ಟು ಹತ್ತಿರದಿಂದ, ವಚನ ವಚನಕ್ಕೂ ತಡೆದು ನಿಂತು ಓದುವುದಿಲ್ಲ. ನಂಬಿಕೆಯನ್ನು ಹೇಳಿಕೊಳ್ಳಲಾರದವರು ಸತ್ತವರ ಮುಂದೆ ನಿಂತಾಗ ಅವರಿಗೂ ಒಂದು ಮಾತು ಬೇಕು. ಕ್ಯಾಥೆಡ್ರಲ್‌ನ ಒಳಗೇ ನಿಂತು ಅಂಥವರಿಗಾಗಿ ಬ್ರಾಮ್ಸ್ ಆ ಮಾತನ್ನು ಹುಡುಕಿದ. ಆ ಹುಡುಕಾಟವೂ ಧಾರ್ಮಿಕವೇ.

ಆದ್ದರಿಂದ ಆರು ಭಾಗಗಳ ಆ ಕಛೇರಿಯನ್ನು ಮತ್ತೆ ನಡೆಸುವವರು ಐದನೆಯದರ ಗೈರನ್ನು ಸಹಿಸಿಕೊಳ್ಳಬೇಕು, ಅದನ್ನು ಕದ್ದು ಒಳಗೆ ಸೇರಿಸಬಾರದು. ಬ್ರಾಮ್ಸ್ ಇನ್ನೂ ಉತ್ತರ ಕಂಡುಕೊಳ್ಳದಿದ್ದ ದಿನ ಅದು. ಹಾಗೆಯೇ ಹ್ಯಾಂಡೆಲ್‌ನ ಹಾಡಿಗೆ ಕಾರ್ಯಕ್ರಮದ ಪುಸ್ತಿಕೆಯಲ್ಲಿ ಸಮಜಾಯಿಷಿ ಬರೆದು, ಇದು ಆ ಕಾಲದ ಜನರ ಸಂಕೋಚಕ್ಕಾಗಿ ಎಂದು ಕೈತೊಳೆದುಕೊಳ್ಳುವುದೂ ಬೇಡ. ಹಾಡುವವಳು ಅದನ್ನು ಪೂರ್ಣ ಮನಸ್ಸಿನಿಂದ, ರಿಕ್ವಿಯಂಗೆ ಎದುರಾಗಿ ನಿಲ್ಲುವಷ್ಟು ಬಲದಿಂದ ಹಾಡಬೇಕು. ಪುಸ್ತಿಕೆಯಲ್ಲಿ ಅಚ್ಚು ಹಾಕಬೇಕಾದದ್ದು ಬೇರೆ: ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯ, ಪೂರ್ತಿಯಾಗಿ, ಬ್ರಾಮ್ಸ್ ತೆಗೆದುಕೊಂಡ ವಚನಗಳಿಗೆ ಒಂದು ಗುರುತು, ಹ್ಯಾಂಡೆಲ್ ತೆಗೆದುಕೊಂಡದ್ದಕ್ಕೆ ಇನ್ನೊಂದು ಗುರುತು ಹಾಕಿ.